ಎತ್ತಿದ ಕರೆ 32 ಸೆಕೆಂಡಿಗೆ ಕಡಿಯುವುದೇಕೆ?

ಕೊಡಗಿನಲ್ಲಿ ಫೋನಿನ ಮಾತೆಂದರೆ ಇಷ್ಟು ದಿನ ಟವರಿನ ಮಾತೇ ಆಗಿತ್ತು. ಅಂಗಳದ ಯಾವ ಮೂಲೆಯಲ್ಲಿ ನಿಂತರೆ ನೆಟ್‌ವರ್ಕ್ ಸಿಗುತ್ತದೆ, ರಸ್ತೆಯ ಯಾವ ತಿರುವಿನಲ್ಲಿ ಹೋಗುತ್ತದೆ ಎಂಬುದು ಆಯಾ ಊರಿನವರಿಗೆ ಬಾಯಿಪಾಠ. ಈಚೆಗೆ ಆ ಮಾತು ಬದಲಾಗಿದೆ. 2019ರ ಕೊನೆ ಮತ್ತು 2020ರ ಆರಂಭದಲ್ಲಿ ಖಾಸಗಿ ಕಂಪನಿಗಳು ಮನೆಯ ವೈಫೈ ಮೂಲಕ ಮಾಮೂಲಿ ನಂಬರಿನಿಂದಲೇ ಕರೆ ಮಾಡುವ ಸೌಲಭ್ಯ ತಂದವು. ತಾಮ್ರದ ತಂತಿಯ ಲ್ಯಾಂಡ್‌ಲೈನ್‌ಗಳ ಜಾಗಕ್ಕೆ ಫೈಬರ್ ಬರುತ್ತಿದೆ. 2025ರ ಸೆಪ್ಟೆಂಬರ್ 27ರಂದು ಬಿಎಸ್‌ಎನ್‌ಎಲ್‌ನ ದೇಶೀಯ 4ಜಿ ಜಾಲದ ಉದ್ಘಾಟನೆಯೂ ಆಯಿತು.

ಇಷ್ಟೆಲ್ಲ ಬಂದ ಮೇಲೂ ಗೊಂದಲ ತೀರಿಲ್ಲ, ಬೇರೆ ರೂಪ ತಾಳಿದೆ ಅಷ್ಟೆ. ವೈಫೈ ಕಡ್ಡಿ ಪೂರ್ತಿ ಇದೆ, ವಿಡಿಯೊ ತಡೆಯಿಲ್ಲದೆ ಓಡುತ್ತದೆ, ಆದರೆ ಕರೆ ಎತ್ತಿ ಅರ್ಧ ನಿಮಿಷ ಮಾತಾಡುವಷ್ಟರಲ್ಲಿ ಕಟ್ ಆಗುತ್ತದೆ. ‘ನಾನು ನಾಲ್ಕು ಸಲ ಮಾಡಿದೆ’ ಎನ್ನುವವರು ಒಂದು ಕಡೆ, ‘ನನಗೆ ಒಂದು ಕರೆಯೂ ಬಂದಿಲ್ಲ’ ಎನ್ನುವವರು ಇನ್ನೊಂದು ಕಡೆ. ಇಬ್ಬರೂ ಸುಳ್ಳು ಹೇಳುತ್ತಿರುವುದಿಲ್ಲ. ‘ಸಿಗ್ನಲ್ ಸರಿ ಇದೆಯಲ್ಲ, ಮತ್ತೇನು?’ ಎಂಬ ಪ್ರಶ್ನೆಗೆ ಅಂಗಡಿಯಲ್ಲೂ ಸಹಾಯವಾಣಿಯಲ್ಲೂ ಸಿಗುವ ಉತ್ತರ ಒಂದೇ: ಆಫ್ ಮಾಡಿ ಆನ್ ಮಾಡಿ.

ನಿಜವಾದ ಉತ್ತರ ಇರುವುದು ಸಿಗ್ನಲ್ಲಿನಲ್ಲಲ್ಲ. ಇಂಟರ್ನೆಟ್ ಮೇಲಿನ ಕರೆಯನ್ನು ಕೂಡಿಸಲು ಸಣ್ಣ ಸಣ್ಣ ಸಂದೇಶಗಳು ಆಚೀಚೆ ಓಡಾಡಬೇಕು. ಅವು ಬೇರೆ ಬೇರೆ ಸ್ವಭಾವದ ಸಾಗಣೆಗಳನ್ನು ಹತ್ತಿ ಇಳಿದು ಹೋಗುತ್ತವೆ. ಹತ್ತಿ ಇಳಿಯುವ ಜಾಗದಲ್ಲಿ, ಅಂದರೆ ಒಂದು ಸಾಗಣೆ ಇನ್ನೊಂದಕ್ಕೆ ಕೂಡುವ ಕೀಲಿನಲ್ಲಿ, ಹೊಣೆ ಯಾರದ್ದೆಂಬುದು ಸ್ಪಷ್ಟವಿರದಿದ್ದರೆ ಕರೆ ಸಾಯುತ್ತದೆ.

ಕರೆಯ ಎರಡು ದಾರಿ

ಹಳೆಯ ಲ್ಯಾಂಡ್‌ಲೈನ್‌ನಲ್ಲಿ ಎಕ್ಸ್‌ಚೇಂಜಿನಿಂದ ಮನೆಯವರೆಗೆ ಒಂದು ಜೊತೆ ತಂತಿ ಇತ್ತು. ಫೋನ್ ನಡೆಯಲು ಬೇಕಾದ 48 ವೋಲ್ಟ್ ವಿದ್ಯುತ್ತೂ ಅದೇ ತಂತಿಯಲ್ಲಿ ಬರುತ್ತಿತ್ತು. ರಿಸೀವರ್ ಎತ್ತಿದರೆ ತಂತಿಯ ಸುತ್ತು ಪೂರ್ಣವಾಗಿ, ಎಕ್ಸ್‌ಚೇಂಜಿಗೆ ಆ ಕ್ಷಣವೇ ತಿಳಿಯುತ್ತಿತ್ತು. ‘ಎತ್ತಿದೆ’ ಎಂಬ ಸುದ್ದಿ ದಾರಿಯಲ್ಲಿ ಕಳೆದುಹೋಗುವ ಪ್ರಶ್ನೆಯೇ ಇರಲಿಲ್ಲ.

4ಜಿ ಜಾಲದಲ್ಲಿ ಧ್ವನಿಗೆಂದೇ ಮೀಸಲಾದ ತಂತಿಯಂಥ ದಾರಿ ಇಲ್ಲ. ಅಲ್ಲಿ ಎಲ್ಲವೂ ಡೇಟಾ ಪ್ಯಾಕೆಟ್, ಅಂದರೆ ವಿಳಾಸ ಹೊತ್ತು ಬಿಡಿಬಿಡಿಯಾಗಿ ಸಾಗುವ ಮಾಹಿತಿಯ ತುಣುಕು. ವೈಫೈ ಕರೆಯೂ ಹಾಗೆಯೇ, ಫೈಬರ್ ಲ್ಯಾಂಡ್‌ಲೈನೂ ಹಾಗೆಯೇ. ಈ ಬಗೆಯ ಕರೆಗೆ ಎರಡು ದಾರಿ ಬೇಕು. ಮಾತು ಹರಿಯಲು ಒಂದು. ‘ಕರೆಯುತ್ತಿದ್ದೇನೆ’, ‘ರಿಂಗ್ ಆಗುತ್ತಿದೆ’, ‘ಎತ್ತಿದ್ದೇನೆ’, ‘ಇಟ್ಟೆ’ ಎಂದು ತಿಳಿಸಲು ಇನ್ನೊಂದು. ಎರಡನೆಯದನ್ನು ಸಿಗ್ನಲಿಂಗ್ ಎನ್ನುತ್ತಾರೆ. ಅದರ ಭಾಷೆಯ ಹೆಸರು ಸೆಷನ್ ಇನಿಷಿಯೇಷನ್ ಪ್ರೋಟೊಕಾಲ್, ಚಿಕ್ಕದಾಗಿ ಸಿಪ್. ಹೆನ್ನಿಂಗ್ ಶುಲ್ಜ್‌ರಿನ್, ಮಾರ್ಕ್ ಹ್ಯಾಂಡ್ಲಿ, ಜೊನಾಥನ್ ರೋಸೆನ್‌ಬರ್ಗ್ ಮೊದಲಾದವರು ಬರೆದ ಇದರ ಮೊದಲ ನಿಯಮಾವಳಿ 1999ರಲ್ಲಿ ಬಂತು. ಇಂದಿಗೂ ಆಧಾರವಾಗಿರುವುದು 2002ರ ಜೂನ್‌ನಲ್ಲಿ ಹೊರಬಂದ ಆರ್‌ಎಫ್‌ಸಿ 3261. ಇಂಟರ್ನೆಟ್ಟಿನ ನಿಯಮಾವಳಿಗಳನ್ನು ಆರ್‌ಎಫ್‌ಸಿ ಎಂಬ ಹೆಸರಿನಲ್ಲಿ ಸಂಖ್ಯೆ ಕೊಟ್ಟು ಪ್ರಕಟಿಸುತ್ತಾರೆ.

ವಿಡಿಯೊ ಚೆನ್ನಾಗಿ ಓಡುವುದಕ್ಕೂ ಕರೆ ನಿಲ್ಲುವುದಕ್ಕೂ ಸಂಬಂಧ ಕಡಿಮೆ ಎಂಬುದು ಇಲ್ಲಿಂದಲೇ ತಿಳಿಯುತ್ತದೆ. ವಿಡಿಯೊ ನೂರಾರು ಪ್ಯಾಕೆಟ್ ಮುಂಚಿತವಾಗಿ ತರಿಸಿ ಇಟ್ಟುಕೊಳ್ಳುತ್ತದೆ. ನಾಲ್ಕು ತಪ್ಪಿದರೂ ಮತ್ತೆ ಕೇಳಿ ಪಡೆಯಲು ಅದಕ್ಕೆ ಪುರುಸೊತ್ತಿದೆ. ಸಿಪ್ ಸಂದೇಶ ಒಂದೇ ಒಂದು. ಅದು ತಪ್ಪಿದರೆ ಕರೆಯ ಒಂದು ಹೆಜ್ಜೆಯೇ ತಪ್ಪಿದಂತೆ.

ಬಸ್ಸು ಮತ್ತು ಜೀಪು

ಸಿಪ್‌ಗೆ ತನ್ನದೇ ಗಾಡಿಯಿಲ್ಲ. ಅದು ಬೇರೆಯವರ ಗಾಡಿ ಹತ್ತುತ್ತದೆ. ಮುಖ್ಯವಾದವು ಎರಡು: 1980ರಲ್ಲಿ ಬಂದ ಯುಡಿಪಿ ಮತ್ತು 1981ರಲ್ಲಿ ನಿಯಮಾವಳಿ ಪಡೆದ ಟಿಸಿಪಿ. ಯುಡಿಪಿ ಪ್ಯಾಕೆಟ್ಟನ್ನು ದಾರಿಗೆ ಬಿಟ್ಟು ಸುಮ್ಮನಾಗುತ್ತದೆ. ತಲುಪಿತೇ ಎಂದು ಕೇಳುವುದಿಲ್ಲ. ಟಿಸಿಪಿ ಮೊದಲು ಎರಡು ತುದಿಗಳ ನಡುವೆ ಸಂಪರ್ಕ ಕಟ್ಟಿಕೊಳ್ಳುತ್ತದೆ, ಪ್ರತಿ ತುಣುಕಿಗೂ ರಶೀದಿ ಪಡೆಯುತ್ತದೆ, ರಶೀದಿ ಬಾರದಿದ್ದರೆ ಮತ್ತೆ ಕಳಿಸುತ್ತದೆ. ಟಿಸಿಪಿಯ ಮೇಲೆ ಗುಪ್ತಲಿಪಿಯ ಹೊದಿಕೆ ಹಾಕಿದರೆ ಅದು ಟಿಎಲ್‌ಎಸ್.

ಗೋಣಿಕೊಪ್ಪದ ಔಷಧಿ ಅಂಗಡಿಯಿಂದ ಬಿರುನಾಣಿ ಕಡೆಯ ಒಂದು ತೋಟದ ಮನೆಗೆ ಮಾತ್ರೆಯ ಪೊಟ್ಟಣ ಹೋಗಬೇಕು ಎನ್ನಿ. ಶ್ರೀಮಂಗಲದವರೆಗೆ ಬಸ್ಸು. ಕಂಡಕ್ಟರ್ ಪುಸ್ತಕದಲ್ಲಿ ಬರೆದುಕೊಂಡು, ಅಲ್ಲಿ ಇಳಿಸಿ, ಸಹಿ ಹಾಕಿಸಿಕೊಳ್ಳುತ್ತಾನೆ. ಮುಂದಕ್ಕೆ ಯಾವುದೋ ಜೀಪು. ಅಲ್ಲಿ ಪುಸ್ತಕವೂ ಇಲ್ಲ, ಸಹಿಯೂ ಇಲ್ಲ. ಕಂಡಕ್ಟರನ ಪುಸ್ತಕದಲ್ಲಿ ಸಹಿ ಇದೆ ಎಂದಮಾತ್ರಕ್ಕೆ ಮಾತ್ರೆ ರೋಗಿಯ ಕೈಸೇರಿತು ಎನ್ನಬಹುದೇ? ಆ ಸಹಿ ಶ್ರೀಮಂಗಲದವರೆಗಿನ ಮಾತು. ‘ಸಿಕ್ತು’ ಎಂದು ಮನೆಯವರೇ ತಿಳಿಸಿದಾಗ ಮಾತ್ರ ಕೆಲಸ ಮುಗಿದದ್ದು.

ಬಸ್ಸು ಟಿಸಿಪಿ, ಜೀಪು ಯುಡಿಪಿ. ಒಂದು ಕರೆಯ ಸಂದೇಶ ತೋಟದ ಮನೆಯಿಂದ ಹೊರಟು, ಕಂಪನಿಯ ಎರಡು ಮೂರು ಸರ್ವರ್ ದಾಟಿ, ಇನ್ನೊಂದು ಕಂಪನಿಯ ಸರ್ವರ್ ಹೊಕ್ಕು, ಕೊನೆಗೆ ಬೆಂಗಳೂರಿನ ಒಂದು ಫೋನಿಗೆ ತಲುಪುವಾಗ ಈ ಗಾಡಿಗಳನ್ನು ಹಲವು ಸಲ ಬದಲಾಯಿಸಬಹುದು. ಮನೆಯಿಂದ ಮೊದಲ ಸರ್ವರ್‌ವರೆಗೆ ಟಿಎಲ್‌ಎಸ್, ಅಲ್ಲಿಂದ ಯುಡಿಪಿ, ಮುಂದೆ ಟಿಸಿಪಿ. ಪ್ರತಿ ಸಂದೇಶದ ಮೇಲ್ಭಾಗದಲ್ಲಿ ‘ವಯಾ’ ಎಂಬ ಸಾಲುಗಳಿರುತ್ತವೆ. ಯಾವ ಯಾವ ನಿಲ್ದಾಣದಲ್ಲಿ ಯಾವ ಗಾಡಿ ಹತ್ತಿತು ಎಂಬ ದಾಖಲೆ ಅದರಲ್ಲೇ ಬೆಳೆಯುತ್ತಾ ಹೋಗುತ್ತದೆ. ಉತ್ತರ ಅದೇ ಸಾಲುಗಳನ್ನು ಹಿಡಿದು ಹಿಂದಕ್ಕೆ ಬರುತ್ತದೆ.

ಗಡಿಯಾರಗಳ ಲೆಕ್ಕ

ಜೀಪಿನ ಮೇಲೆ ಭರವಸೆಯಿಲ್ಲ ಎಂಬುದು ಸಿಪ್ ಬರೆದವರಿಗೆ ಗೊತ್ತಿತ್ತು. ಹಾಗಾಗಿ ಪ್ರೋಟೊಕಾಲಿನೊಳಗೇ ಗಡಿಯಾರಗಳನ್ನು ಇಟ್ಟರು. ಎಲ್ಲದರ ಮೂಲ ಟಿ1 ಎಂಬ ಅಳತೆ: 500 ಮಿಲಿಸೆಕೆಂಡ್, ಅಂದರೆ ಅರ್ಧ ಸೆಕೆಂಡ್. ಸಂದೇಶವೊಂದು ಹೋಗಿ ಬರಲು ಹಿಡಿಯಬಹುದಾದ ಸಮಯದ ಅಂದಾಜು ಇದು.

ಕರೆ ಮಾಡುವಾಗ ಹೊರಡುವ ‘ಇನ್ವೈಟ್’ ಸಂದೇಶ ಯುಡಿಪಿಯಲ್ಲಿ ಹೋದರೆ, ಅರ್ಧ ಸೆಕೆಂಡಿನಲ್ಲಿ ಉತ್ತರ ಬಾರದಿದ್ದರೆ ಅದನ್ನೇ ಮತ್ತೆ ಕಳಿಸಬೇಕು. ಮುಂದೆ ಒಂದು ಸೆಕೆಂಡ್ ಕಾದು, ಆಮೇಲೆ ಎರಡು, ನಾಲ್ಕು, ಎಂಟು, ಹದಿನಾರು. ಕಾಯುವ ಹೊತ್ತು ಪ್ರತಿ ಸಲ ದುಪ್ಪಟ್ಟು. ಟಿ1ರ 64 ಪಟ್ಟು, ಅಂದರೆ 32 ಸೆಕೆಂಡ್ ತುಂಬಿದಾಗ ಪ್ರಯತ್ನ ಬಿಡಬೇಕು. ಅಷ್ಟರಲ್ಲಿ ಅದೇ ಸಂದೇಶ ಒಟ್ಟು 7 ಸಲ ಹೋಗಿರುತ್ತದೆ.

ಟಿಸಿಪಿಯಲ್ಲಿ ಹೋದರೆ ಈ ಮರುಕಳಿಕೆ ಇಲ್ಲ. ಆ ಕೆಲಸ ಟಿಸಿಪಿಯೇ ಮಾಡುತ್ತದಲ್ಲ, ಎರಡು ಕಡೆ ಮಾಡುವುದು ವ್ಯರ್ಥ ಎಂಬುದು ತರ್ಕ. ಆದರೆ 32 ಸೆಕೆಂಡಿನ ಕೊನೆಯ ಗಡುವು ಟಿಸಿಪಿಗೂ ಇದೆ. ಈ ಚಿಕ್ಕ ವ್ಯತ್ಯಾಸವನ್ನು ನೆನಪಿಟ್ಟುಕೊಳ್ಳಬೇಕು. ಮಳೆಗಾಲದ ಮಾತು ಬಂದಾಗ ಇದು ದೊಡ್ಡದಾಗುತ್ತದೆ.

ದಾರಿಯ ಮೊದಲ ಸರ್ವರಿಗೆ ಇನ್ವೈಟ್ ತಲುಪಿದರೆ ಅದು ‘100 ಟ್ರೈಯಿಂಗ್’ ಎಂದು ಉತ್ತರಿಸುತ್ತದೆ. ‘ನನಗೆ ಸಿಕ್ಕಿತು, ಮುಂದಿನದು ನನ್ನ ಹೊಣೆ’ ಎಂದು ಅದರ ಅರ್ಥ. ಆಗ ಹಿಂದಿನವರು ಮರುಕಳಿಸುವುದನ್ನು ನಿಲ್ಲಿಸುತ್ತಾರೆ. ಹೀಗೆ ಕೈಯಿಂದ ಕೈಗೆ ಹೊಣೆ ದಾಟುತ್ತದೆ. ಕರೆ ಹೋಗುವ ದಿಕ್ಕಿನಲ್ಲಿ ಈ ಪದ್ಧತಿ ಚೆನ್ನಾಗಿ ನಡೆಯುತ್ತದೆ.

ಮೊಬೈಲ್ ಜಾಲಕ್ಕೆ ನಿಯಮ ಬರೆಯುವ 3ಜಿಪಿಪಿ ಸಂಸ್ಥೆ ಅರ್ಧ ಸೆಕೆಂಡ್ ಸಾಲದು ಎಂದು ತೀರ್ಮಾನಿಸಿ, ಮೊಬೈಲ್ ಹ್ಯಾಂಡ್‌ಸೆಟ್ಟಿನ ಕಡೆಗೆ ಟಿ1 ಅನ್ನು 2 ಸೆಕೆಂಡಿಗೆ ಏರಿಸಿತು. ರೇಡಿಯೊ ದಾರಿ ನಿಧಾನ, ಅವಸರದಲ್ಲಿ ಮರುಕಳಿಸಿದರೆ ದಾರಿ ಇನ್ನಷ್ಟು ತುಂಬುತ್ತದೆ ಎಂಬ ಕಾರಣಕ್ಕೆ. ಅಲ್ಲಿಗೆ ಕೊನೆಯ ಗಡುವೂ 128 ಸೆಕೆಂಡಿಗೆ ಏರಿತು. ಒಂದೇ ಕರೆಯ ಎರಡು ತುದಿಗಳು ಬೇರೆ ಬೇರೆ ಗಡಿಯಾರ ನೋಡಿಕೊಂಡು ಕಾಯುವ ಸ್ಥಿತಿ ಹೀಗೆ ಹುಟ್ಟುತ್ತದೆ.

‘ಎತ್ತಿದ್ದೇನೆ’ ಎಂಬ ಸುದ್ದಿ

ಕರೆ ಎತ್ತಿದಾಗ ‘200 ಓಕೆ’ ಎಂಬ ಸಂದೇಶ ಹಿಂದಕ್ಕೆ ಹೊರಡುತ್ತದೆ. ಕೈಯಿಂದ ಕೈಗೆ ಹೊಣೆ ದಾಟಿಸುವ ಪದ್ಧತಿ ಇದಕ್ಕೆ ಅನ್ವಯಿಸುವುದಿಲ್ಲ. ನಡುವಿನ ಸರ್ವರ್‌ಗಳು ಇದನ್ನು ಮುಂದಕ್ಕೆ ದಾಟಿಸುತ್ತವೆ, ಆದರೆ ಮರುಕಳಿಸುವ ಹೊಣೆ ಹೊರುವುದಿಲ್ಲ. ಹೊಣೆ ಪೂರ್ತಿಯಾಗಿ ಎತ್ತಿದ ಫೋನಿನದ್ದು. ಕರೆ ಮಾಡಿದ ಫೋನಿನಿಂದ ‘ಆಕ್’ ಎಂಬ ಮರುನುಡಿ ಬರುವವರೆಗೆ ಅದು 200 ಓಕೆಯನ್ನು ಮತ್ತೆ ಮತ್ತೆ ಕಳಿಸುತ್ತಲೇ ಇರಬೇಕು: ಮೊದಲು ಅರ್ಧ ಸೆಕೆಂಡಿಗೆ, ಆಮೇಲೆ ಒಂದಕ್ಕೆ, ಎರಡಕ್ಕೆ, ನಂತರ ನಾಲ್ಕು ನಾಲ್ಕು ಸೆಕೆಂಡಿಗೊಮ್ಮೆ.

ಎತ್ತಿದ ಫೋನು ಟಿಸಿಪಿಯಲ್ಲಿದ್ದರೂ ಮರುಕಳಿಸಲೇಬೇಕು ಎಂದು ಆರ್‌ಎಫ್‌ಸಿ 3261 ಬಿಡಿಸಿ ಹೇಳುತ್ತದೆ. ಮೊದಲ ಓದಿಗೆ ಇದು ವಿಚಿತ್ರ. ಟಿಸಿಪಿ ತಲುಪಿಸುತ್ತದೆ ಎಂದ ಮೇಲೆ ಮತ್ತೇಕೆ ಕಳಿಸಬೇಕು? ಜೀಪಿನ ಉದಾಹರಣೆಯಲ್ಲೇ ಉತ್ತರವಿದೆ. ಎತ್ತಿದ ಫೋನಿನಿಂದ ಮೊದಲ ಸರ್ವರ್‌ವರೆಗೆ ಟಿಸಿಪಿ, ಸಂದೇಶ ಸುರಕ್ಷಿತವಾಗಿ ತಲುಪಿತು. ಆ ಸರ್ವರಿನಿಂದ ಕರೆ ಮಾಡಿದವರ ಫೋನಿಗೆ ಯುಡಿಪಿ, ಅಲ್ಲಿ ಪ್ಯಾಕೆಟ್ ಕಳೆಯಿತು. ನಡುವಿನ ಸರ್ವರ್ ಮರುಕಳಿಸುವುದಿಲ್ಲ. ಟಿಸಿಪಿಗೆ ತನ್ನ ಕೆಲಸ ಮುಗಿದಿದೆ. ಎತ್ತಿದ ಫೋನು ತಾನಾಗಿ ಮತ್ತೆ ಕಳಿಸದಿದ್ದರೆ ಆ ಸುದ್ದಿ ಇನ್ನೆಂದೂ ತಲುಪದು. ತನ್ನ ಪಕ್ಕದ ದಾರಿ ಚೆನ್ನಾಗಿದೆ ಎಂಬುದರಿಂದ ದೂರದ ದಾರಿಯ ಬಗ್ಗೆ ಏನನ್ನೂ ತಿಳಿಯಲಾಗದು. ಕಂಪ್ಯೂಟರ್ ವಿಜ್ಞಾನಿಗಳಾದ ಜೆರೋಮ್ ಸಾಲ್ಟ್ಜರ್, ಡೇವಿಡ್ ರೀಡ್, ಡೇವಿಡ್ ಕ್ಲಾರ್ಕ್ 1980ರ ದಶಕದ ಆರಂಭದಲ್ಲಿ ಮಂಡಿಸಿದ ವಾದವೂ ಇದೇ: ಸರಿಯಾಗಿ ತಲುಪಿತೆಂಬ ಖಾತರಿಯನ್ನು ಎರಡು ತುದಿಗಳೇ ಮಾಡಿಕೊಳ್ಳಬೇಕು, ನಡುವಿನವರು ವೇಗ ಕೊಡಬಹುದು, ಖಾತರಿ ಕೊಡಲಾರರು. ಸಿಪ್‌ನ ಅತಿ ಸುಂದರ ನಿಯಮ ಇದು ಎಂದು ಈ ಲೇಖಕನ ಅಭಿಪ್ರಾಯ. ಅತಿ ಹೆಚ್ಚು ಮುರಿಯಲ್ಪಡುವ ನಿಯಮವೂ ಇದೇ.

ಈಗ 32 ಸೆಕೆಂಡಿನ ಒಗಟು ಬಿಡಿಸಬಹುದು. ಮಡಿಕೇರಿಯ ಒಬ್ಬರು ಒಂದು ಹೋಂಸ್ಟೇಗೆ ಕರೆ ಮಾಡುತ್ತಾರೆ. ಅಲ್ಲಿ ರೌಟರಿನ ಹಿಂದೆ ಐಪಿ ಫೋನ್, ಅಂದರೆ ಇಂಟರ್ನೆಟ್ ಮೂಲಕ ನಡೆಯುವ ಫೋನ್ ಇದೆ. ಎತ್ತುತ್ತಾರೆ. 200 ಓಕೆ ಸರಿಯಾಗಿ ತಲುಪುತ್ತದೆ, ಮಾತು ಶುರುವಾಗುತ್ತದೆ. ಆ ಸಂದೇಶದ ಒಳಗೆ ‘ಕಾಂಟ್ಯಾಕ್ಟ್’ ಎಂಬ ಸಾಲಿದೆ: ಇನ್ನು ಮುಂದೆ ನನಗೆ ಏನಾದರೂ ಹೇಳುವುದಿದ್ದರೆ ಈ ವಿಳಾಸಕ್ಕೆ ಕಳಿಸಿ ಎಂದು. ಫೋನು ಅಲ್ಲಿ ಮನೆಯೊಳಗಿನ ವಿಳಾಸ ಬರೆದಿದ್ದರೆ, ಅಂದರೆ 192.168ರಿಂದ ಶುರುವಾಗುವ ವಿಳಾಸ, ಅದು ಆ ಮನೆಯ ಗೋಡೆಯಾಚೆ ಅರ್ಥವಿಲ್ಲದ್ದು. ನಡುವಿನ ಸರ್ವರ್ ಇದನ್ನು ಗಮನಿಸಿ ತಿದ್ದದಿದ್ದರೆ ಆಕ್ ಎಲ್ಲಿಗೋ ಹೋಗಿ ಕಳೆಯುತ್ತದೆ. ಹೋಂಸ್ಟೇಯ ಫೋನು ‘ಆಕ್ ಬಂದಿಲ್ಲ’ ಎಂದು 200 ಓಕೆಯನ್ನು ಮರುಕಳಿಸುತ್ತದೆ. ಮಡಿಕೇರಿಯ ಫೋನು ಪ್ರತಿ ಸಲವೂ ಆಕ್ ಕಳಿಸುತ್ತದೆ, ಅದು ಪ್ರತಿ ಸಲವೂ ಕಳೆಯುತ್ತದೆ. ಅತ್ತ ಕೋಣೆ ಖಾಲಿ ಇದೆಯೇ, ಬಾಡಿಗೆ ಎಷ್ಟು ಎಂಬ ಮಾತುಕತೆ ಸ್ಪಷ್ಟವಾಗಿ ನಡೆದೇ ಇದೆ, ಏಕೆಂದರೆ ಮಾತಿನ ದಾರಿ ಬೇರೆ. 32 ಸೆಕೆಂಡ್ ತುಂಬುತ್ತದೆ. ನಿಯಮದ ಪ್ರಕಾರ ಎತ್ತಿದ ಫೋನು ‘ಬೈ’ ಕಳಿಸಿ ಕರೆಯನ್ನು ಮುಗಿಸುತ್ತದೆ.

ಇಲ್ಲಿ ಸಿಗ್ನಲ್ ದುರ್ಬಲವಾಗಿರಲಿಲ್ಲ. ಒಂದು ಮರುನುಡಿ ತಲುಪಲಿಲ್ಲ ಅಷ್ಟೆ. ಈ ಬಗೆಯ ಕಡಿತಕ್ಕೆ ಟವರ್ ಹೆಚ್ಚಿಸಿದರೂ ಪ್ರಯೋಜನವಿಲ್ಲ, ಇಂಟರ್ನೆಟ್ ವೇಗ ದುಪ್ಪಟ್ಟು ಮಾಡಿದರೂ ಇಲ್ಲ.

ಇದಕ್ಕೆ ಇನ್ನೊಂದು ಸಾಮಾನ್ಯ ಕಾರಣ ಮನೆಯ ರೌಟರಿನೊಳಗಿರುವ ‘ಸಿಪ್ ಎಎಲ್‌ಜಿ’ ಎಂಬ ಸವಲತ್ತು. ಹಾದುಹೋಗುವ ಸಿಪ್ ಸಂದೇಶದ ವಿಳಾಸಗಳನ್ನು ತಿದ್ದಿ ನೆರವಾಗಬೇಕೆಂದು ಅದನ್ನು ಇಟ್ಟಿದ್ದಾರೆ. ಹಲವು ರೌಟರ್‌ಗಳಲ್ಲಿ ಅದು ಅರ್ಧ ತಿದ್ದಿ ಅರ್ಧ ಬಿಡುತ್ತದೆ. ಅದನ್ನು ಆಫ್ ಮಾಡಿದರೆ ಎಷ್ಟೋ ಕಡೆ ಕರೆ ಸರಿಹೋಗುತ್ತದೆ. ಟಿಎಲ್‌ಎಸ್‌ನಲ್ಲಿ ಹೋಗುವ ಸಂದೇಶವನ್ನು ರೌಟರ್ ಓದಲಾರದು, ಹಾಗಾಗಿ ಕೆಡಿಸಲೂ ಆಗದು. ಮೊಬೈಲ್ ಕಂಪನಿಗಳ ವೈಫೈ ಕರೆಯೂ ಗುಪ್ತ ಸುರಂಗದೊಳಗೆ ಹೋಗುವುದರಿಂದ ಈ ಬಾಧೆಯಿಂದ ಪಾರು.

ರಿಂಗಿನ ಸುದ್ದಿ ಕಳೆದರೆ

‘180 ರಿಂಗಿಂಗ್’ ಎಂಬ ನಡುವಿನ ಸುದ್ದಿಗೆ ಮೂಲ ಸಿಪ್‌ನಲ್ಲಿ ಯಾವ ಖಾತರಿಯೂ ಇಲ್ಲ. ಕಳೆದರೆ ಕಳೆಯಿತು. ಅತ್ತ ಫೋನ್ ಬಡಿದುಕೊಳ್ಳುತ್ತಿದ್ದರೂ ಇತ್ತ ಕಿವಿಯಲ್ಲಿ ಮೌನ. ‘ಹೋಗ್ತಾ ಇಲ್ಲ’ ಎಂದು ಕರೆ ಮಾಡಿದವರು ಇಟ್ಟುಬಿಡುತ್ತಾರೆ. 2002ರಲ್ಲೇ ಬಂದ ಆರ್‌ಎಫ್‌ಸಿ 3262 ಇದಕ್ಕೆ ‘ಪ್ರ್ಯಾಕ್’ ಎಂಬ ರಶೀದಿ ಸಂದೇಶ ಸೇರಿಸಿತು. 4ಜಿ ಧ್ವನಿ ಕರೆಗಳು ಇದನ್ನು ಬಳಸುತ್ತವೆ. ಅಗ್ಗದ ಐಪಿ ಫೋನ್‌ಗಳೂ ಹಳೆಯ ಆಫೀಸ್ ಎಕ್ಸ್‌ಚೇಂಜ್‌ಗಳೂ ಎಷ್ಟೋ ಸಲ ಬಳಸುವುದಿಲ್ಲ.

1300 ಬೈಟಿನ ಗೆರೆ

ಸಿಪ್ ಹುಟ್ಟಿದಾಗ ಸಂದೇಶಗಳು ಚಿಕ್ಕವಿದ್ದವು. ಈಗ ಹಾಗಿಲ್ಲ. ಧ್ವನಿಯ ಹಲವು ನಮೂನೆ, ಭದ್ರತೆಯ ಸಾಲು, ಫೋನಿನ ಸಾಮರ್ಥ್ಯದ ಪಟ್ಟಿ, ದಾಟಿದ ಪ್ರತಿ ಸರ್ವರಿನ ವಯಾ ಎಲ್ಲ ಸೇರಿ ಇನ್ವೈಟ್ ಉಬ್ಬಿದೆ. ಇಂಟರ್ನೆಟ್ ದಾರಿಯಲ್ಲಿ ಒಂದು ಪ್ಯಾಕೆಟ್ ಸಾಮಾನ್ಯವಾಗಿ 1500 ಬೈಟ್‌ವರೆಗೆ ಇರಬಹುದು. ಅದಕ್ಕಿಂತ ದೊಡ್ಡದಾದರೆ ತುಂಡಾಗುತ್ತದೆ. ತುಂಡುಗಳಲ್ಲಿ ಒಂದು ಕಳೆದರೆ ಇಡೀ ಸಂದೇಶ ಕಳೆದಂತೆ. ಮೇಲಾಗಿ ಕೆಲವು ರೌಟರ್‌ಗಳೂ ಜಾಲದ ಕಾವಲು ಕಾಯುವ ಫೈರ್‌ವಾಲ್‌ಗಳೂ ತುಂಡುಗಳನ್ನು ಬಿಸಾಡುತ್ತವೆ.

ಅದಕ್ಕೇ ನಿಯಮವೊಂದಿದೆ: ದಾರಿಯ ಅಳತೆ ಗೊತ್ತಿಲ್ಲದಾಗ ಸಂದೇಶ 1300 ಬೈಟ್ ಮೀರಿದರೆ ಯುಡಿಪಿ ಬಿಟ್ಟು ಟಿಸಿಪಿಯಂಥ ಸಾಗಣೆಯಲ್ಲಿ ಕಳಿಸಬೇಕು. ಹಾಗಾಗಿ ಒಂದೇ ಫೋನು ಒಂದು ಸಂದೇಶವನ್ನು ಯುಡಿಪಿಯಲ್ಲೂ ಮುಂದಿನದನ್ನು ಟಿಸಿಪಿಯಲ್ಲೂ ಕಳಿಸುವುದು ಮೊಬೈಲ್ ಜಾಲದಲ್ಲಿ ಮಾಮೂಲಿ. ಆದರೆ ಎದುರಿನ ಫೈರ್‌ವಾಲ್‌ನಲ್ಲಿ 5060 ಎಂಬ ಸಿಪ್ ಬಾಗಿಲನ್ನು ಯುಡಿಪಿಗೆ ಮಾತ್ರ ತೆರೆದಿಟ್ಟಿದ್ದರೆ? ಚಿಕ್ಕ ಸಂದೇಶಗಳೆಲ್ಲ ಹೋಗುತ್ತವೆ, ದೊಡ್ಡವು ಮಾತ್ರ ಹೋಗುವುದಿಲ್ಲ. ಒಬ್ಬರ ಕರೆ ಬರುತ್ತದೆ, ಇನ್ನೊಬ್ಬರದ್ದು ಬರುವುದಿಲ್ಲ. ಪರೀಕ್ಷೆಗೆಂದು ಪಕ್ಕದ ಫೋನಿನಿಂದ ಮಾಡಿದ ಕರೆ ಬರುತ್ತದೆ, ಮೂರು ಸರ್ವರ್ ದಾಟಿ ದಪ್ಪವಾದ ದೂರದ ಕರೆ ಬರುವುದಿಲ್ಲ. ದೂರು ಹೇಳಿದವರನ್ನೇ ಅನುಮಾನಿಸುವಂಥ ಪರಿಸ್ಥಿತಿ ಹೀಗೆ ಬರುತ್ತದೆ.

ಯಾವ ಗಾಡಿ ಒಳ್ಳೆಯದು?

ಈ ವಿಚಾರದಲ್ಲಿ ತಂತ್ರಜ್ಞರಲ್ಲೇ ಒಮ್ಮತವಿಲ್ಲ.

ಯುಡಿಪಿಯೇ ಇರಲಿ ಎನ್ನುವವರ ವಾದ ಹಗುರತನದ್ದು. ಲಕ್ಷಾಂತರ ಫೋನುಗಳಿಗೆ ಲಕ್ಷಾಂತರ ಟಿಸಿಪಿ ಸಂಪರ್ಕ ತೆರೆದಿಟ್ಟುಕೊಳ್ಳುವುದು ಸರ್ವರಿಗೆ ಭಾರ. ಎರಡು ಸರ್ವರ್‌ಗಳ ನಡುವೆ ಒಂದೇ ಟಿಸಿಪಿ ಸಂಪರ್ಕದಲ್ಲಿ ನೂರು ಕರೆಗಳ ಸಂದೇಶ ಹೋಗುತ್ತಿದ್ದರೆ, ಒಂದು ತುಣುಕು ಕಳೆದಾಗ ಅದು ಮತ್ತೆ ಬರುವವರೆಗೆ ಹಿಂದಿನವೆಲ್ಲ ಸಾಲಿನಲ್ಲಿ ಕಾಯಬೇಕು. ಯುಡಿಪಿಯಲ್ಲಿ ಒಬ್ಬರ ನಷ್ಟ ಇನ್ನೊಬ್ಬರಿಗೆ ತಾಕುವುದಿಲ್ಲ. ಮರುಕಳಿಸುವ ಗಡಿಯಾರ ಸಿಪ್‌ನೊಳಗೇ ಇದೆಯಲ್ಲ ಎನ್ನುತ್ತಾರೆ ಅವರು.

ಟಿಸಿಪಿ, ಟಿಎಲ್‌ಎಸ್ ಪಕ್ಷದವರು ಸಂದೇಶದ ಗಾತ್ರವನ್ನೂ ಗೋಪ್ಯತೆಯನ್ನೂ ಮುಂದಿಡುತ್ತಾರೆ. ಅವರ ಬಳಿ ಬ್ಯಾಟರಿಯ ಲೆಕ್ಕವೂ ಇದೆ. ಮನೆಯ ರೌಟರ್ ಹೊರಗಿನಿಂದ ಬರುವುದನ್ನು ಒಳಗಿನ ಫೋನಿಗೆ ತಲುಪಿಸಲು ಒಂದು ನಕ್ಷೆ ಇಟ್ಟುಕೊಳ್ಳುತ್ತದೆ. ಯುಡಿಪಿಯ ನಕ್ಷೆಯನ್ನು ಬೇಗ ಅಳಿಸಿಬಿಡುತ್ತದೆ. 2009ರ ಆರ್‌ಎಫ್‌ಸಿ 5626 ಹೇಳುವಂತೆ ಯುಡಿಪಿಯಲ್ಲಿ 24ರಿಂದ 29 ಸೆಕೆಂಡಿಗೊಮ್ಮೆ ‘ಇದ್ದೇನೆ’ ಎಂದು ತಟ್ಟುತ್ತಿರಬೇಕು, ಟಿಸಿಪಿಗೆ 95ರಿಂದ 120 ಸೆಕೆಂಡಿಗೊಮ್ಮೆ ಸಾಕು. ಫೋನು ಎಚ್ಚರಗೊಳ್ಳುವ ಸಲ ಕಡಿಮೆಯಾದಷ್ಟೂ ಚಾರ್ಜ್ ಉಳಿಯುತ್ತದೆ. ಎರಡು ದಿನ ಕರೆಂಟಿಲ್ಲದ ಊರಿನಲ್ಲಿ ಇದು ಸಣ್ಣ ವಿಷಯವಲ್ಲ.

ಮೂರನೆಯದು ಎಸ್‌ಸಿಟಿಪಿ. ಒಂದು ಸಂದೇಶ ಕಳೆದರೆ ಇನ್ನೊಂದು ಕಾಯಬೇಕಿಲ್ಲದ, ಆದರೂ ಖಾತರಿ ಕೊಡುವ ಸಾಗಣೆ. ಅದರ ಮೇಲೆ ಸಿಪ್ ಕಳಿಸುವ ಬಗೆ 2005ರಲ್ಲೇ ನಿಯಮವಾಯಿತು. ಮೊಬೈಲ್ ಕಂಪನಿಗಳ ಒಳಜಾಲದಲ್ಲಿ ಬೇರೆ ಕೆಲಸಗಳಿಗೆ ಅದು ದುಡಿಯುತ್ತಿದೆ. ಮನೆಯ ರೌಟರಿಗೆ ಮಾತ್ರ ಅದರ ಗುರುತೇ ಇಲ್ಲದ್ದರಿಂದ ಗ್ರಾಹಕನವರೆಗೆ ಬರಲಿಲ್ಲ.

ನನ್ನ ದೃಷ್ಟಿಯಲ್ಲಿ ಮನೆಯಿಂದ ಮೊದಲ ಸರ್ವರ್‌ವರೆಗಿನ ದಾರಿಗೆ ಟಿಎಲ್‌ಎಸ್ ಒಳ್ಳೆಯದು. ಆದರೆ ‘ಟಿಎಲ್‌ಎಸ್ ಹಾಕಿದ್ದೇವೆ, ಇನ್ನು ಸಂದೇಶ ಕಳೆಯುವುದಿಲ್ಲ’ ಎಂಬ ಮಾತನ್ನು ಒಪ್ಪಲಾಗದು. ಗಾಡಿ ಒಳ್ಳೆಯದಾದಷ್ಟಕ್ಕೆ ಕೀಲು ಭದ್ರವಾಗುವುದಿಲ್ಲ. ಟಿಸಿಪಿ ಇದೆಯೆಂದು 200 ಓಕೆಯ ಮರುಕಳಿಕೆಯನ್ನು ಕೈಬಿಟ್ಟ ಸಾಫ್ಟ್‌ವೇರ್, ಪರೀಕ್ಷಾ ಕೊಠಡಿಯಲ್ಲಿ ಎಲ್ಲ ಕಡೆ ಟಿಸಿಪಿ ಇರುವಾಗ ಪಾಸಾಗುತ್ತದೆ. ಹೊರಗೆ ಮಿಶ್ರ ದಾರಿಯಲ್ಲಿ ಸೋಲುತ್ತದೆ.

ಕಕ್ಕಡದ ಮಳೆಯಲ್ಲಿ

ಕೊಡಗಿಗೆ ಇದರ ಪರಿಣಾಮ ಬೇರೆ ಜಿಲ್ಲೆಗಳಿಗಿಂತ ತೀವ್ರ. 2018ರ ಆಗಸ್ಟ್‌ನ ಭೂಕುಸಿತದಲ್ಲಿ ರಸ್ತೆ, ಕಂಬ, ಕೇಬಲ್ ಒಟ್ಟಿಗೆ ಹೋಗಿ ಊರುಗಳೇ ಸಂಪರ್ಕ ಕಳೆದುಕೊಂಡದ್ದನ್ನು ಜಿಲ್ಲೆ ಮರೆತಿಲ್ಲ. ಅಂಥ ದುರಂತದ ಮಾತು ಬಿಡಿ, ಜುಲೈ–ಆಗಸ್ಟ್‌ನ ಕಕ್ಕಡ ತಿಂಗಳ ಮಾಮೂಲಿ ಗಾಳಿಮಳೆಗೂ ಮರ ಬಿದ್ದು ಲೈನ್ ಹೋಗುತ್ತದೆ, ಬರುತ್ತದೆ, ಮತ್ತೆ ಹೋಗುತ್ತದೆ. ತಾಮ್ರದ ಫೋನಿಗೆ ಕರೆಂಟ್ ಎಕ್ಸ್‌ಚೇಂಜಿನಿಂದ ಬರುತ್ತಿತ್ತು. ಫೈಬರಿನ ಪೆಟ್ಟಿಗೆಗೆ ಮನೆಯ ಕರೆಂಟೇ ಬೇಕು. ದಿನಕ್ಕೆ ಹತ್ತು ಸಲ ರೌಟರ್ ಆರಿ ಹತ್ತುತ್ತದೆ.

ಪ್ರತಿ ಸಲ ಆರಿದಾಗಲೂ ರೌಟರಿನೊಳಗಿನ ನಕ್ಷೆ ಅಳಿಸಿಹೋಗುತ್ತದೆ. ಫೋನಿನ ಸೇವೆ ಆ ಪೆಟ್ಟಿಗೆಯೊಳಗೇ ಇದ್ದರೆ ಚಿಂತೆ ಕಡಿಮೆ, ಪೆಟ್ಟಿಗೆ ಹತ್ತಿದಾಗ ಹೊಸದಾಗಿ ನೋಂದಾಯಿಸಿಕೊಳ್ಳುತ್ತದೆ, ಅಂದರೆ ತಾನು ಯಾವ ವಿಳಾಸದಲ್ಲಿದ್ದೇನೆ ಎಂದು ಸರ್ವರಿಗೆ ತಿಳಿಸುತ್ತದೆ. ಕಷ್ಟವಿರುವುದು ಯುಪಿಎಸ್‌ನಲ್ಲಿರುವ ಐಪಿ ಫೋನಿಗೆ ಅಥವಾ ಮೊಬೈಲಿನಲ್ಲಿರುವ ಆಫೀಸ್ ಕರೆಯ ಆ್ಯಪ್‌ಗೆ. ಅದಕ್ಕೆ ಕರೆಂಟ್ ಹೋದದ್ದೇ ತಿಳಿದಿಲ್ಲ. ತಾನು ನೋಂದಾಯಿತ ಎಂದೇ ನಂಬಿದೆ. ಸರ್ವರ್ ಹಳೆಯ ವಿಳಾಸಕ್ಕೆ ಇನ್ವೈಟ್ ಕಳಿಸುತ್ತದೆ, ಅದು ರೌಟರಿನ ಬಾಗಿಲಲ್ಲೇ ಬಿದ್ದುಹೋಗುತ್ತದೆ. ಸಿಪ್‌ನಲ್ಲಿ ನೋಂದಣಿಯ ಅವಧಿಗೆ 3600 ಸೆಕೆಂಡ್ ಎಂಬುದು ರೂಢಿಯ ಅಂಕಿ. ಫೋನು ಬೇರೆ ರೀತಿಯಲ್ಲಿ ತಟ್ಟಿ ನೋಡದಿದ್ದರೆ ಒಂದು ಗಂಟೆಯವರೆಗೂ ಒಳಬರುವ ಕರೆ ಇಲ್ಲ. ಹೊರಹೋಗುವ ಕರೆ ಮಾಡಿದರೆ ಆಗುತ್ತದೆ, ಏಕೆಂದರೆ ಹೊರಗೆ ಹೋಗುವಾಗ ಹೊಸ ನಕ್ಷೆ ಮೂಡುತ್ತದೆ. ‘ನಾನು ಮಾಡಿದ್ರೆ ಹೋಗುತ್ತೆ, ನನಗೆ ಯಾರದ್ದೂ ಬರಲ್ಲ’ ಎಂಬ ದೂರಿನ ಹಿಂದೆ ಬಹಳ ಸಲ ಇರುವುದು ಇದೇ.

ಟಿಸಿಪಿಯಲ್ಲಿ ಇದು ಇನ್ನೂ ಮೌನವಾಗಿ ನಡೆಯುತ್ತದೆ. ಸಂಪರ್ಕ ಸತ್ತಿದೆ ಎಂದು ಟಿಸಿಪಿ ತಾನಾಗಿ ಒಪ್ಪಿಕೊಳ್ಳುವುದು ನಿಧಾನ. ಸರ್ವರ್‌ಗಳನ್ನು ನಡೆಸುವ ತಂತ್ರಾಂಶಗಳಲ್ಲೊಂದಾದ ಲಿನಕ್ಸ್‌ನ ಮೂಲ ಹೊಂದಾಣಿಕೆಯಲ್ಲಿ ಸುಮಾರು 15 ನಿಮಿಷ. ಸತ್ತ ಸಂಪರ್ಕಕ್ಕೆ ಸರ್ವರ್ ಇನ್ವೈಟ್ ಹಾಕುತ್ತದೆ. ಟಿಸಿಪಿ ಇದೆಯೆಂಬ ನಂಬಿಕೆಯಿಂದ ಸಿಪ್ ಮರುಕಳಿಸುವುದಿಲ್ಲ. 32 ಸೆಕೆಂಡ್ ಕಾದು ಕರೆ ಬಿದ್ದುಹೋಗುತ್ತದೆ. ಲೈನಿನಲ್ಲಿ ಐದು ಸೆಕೆಂಡಿನ ತಡೆ ಬಂದು, ನಕ್ಷೆ ಅಳಿಯದೆ ಉಳಿದಿದ್ದರೆ ಯುಡಿಪಿಯ ನಾಲ್ಕನೆಯದೋ ಐದನೆಯದೋ ಪ್ರಯತ್ನ ತಲುಪಿಬಿಡುತ್ತಿತ್ತು. ‘ಖಾತರಿಯ’ ಸಾಗಣೆ ಸಂಪರ್ಕ ಮುರಿದ ಕ್ಷಣದಲ್ಲಿ ಖಾತರಿಯಿಲ್ಲದ್ದಕ್ಕಿಂತ ಕೆಳಗಿಳಿಯುವುದು ಹೀಗೆ. ಇದಕ್ಕೆ ಆರ್‌ಎಫ್‌ಸಿ 5626ರ ಮದ್ದು ಸರಳ: ಫೋನು ಎರಡು ಖಾಲಿ ಸಾಲು ಕಳಿಸಿ, ಸರ್ವರಿನಿಂದ ಒಂದು ಖಾಲಿ ಸಾಲು 10 ಸೆಕೆಂಡಿನೊಳಗೆ ಬಾರದಿದ್ದರೆ ಆ ಸಂಪರ್ಕ ಬಿಟ್ಟು ಹೊಸದನ್ನು ಕಟ್ಟಬೇಕು.

ಇನ್ನು ಕರೆಂಟ್ ಬಂದ ಕ್ಷಣ. ಇಡೀ ತಾಲ್ಲೂಕಿಗೆ ಒಟ್ಟಿಗೆ ಬಂದಾಗ ಎಲ್ಲ ಪೆಟ್ಟಿಗೆಗಳೂ ಒಟ್ಟಿಗೆ ಹತ್ತಿ, ಒಟ್ಟಿಗೆ ನೋಂದಣಿ ಕೇಳುತ್ತವೆ. ಸರ್ವರ್ ಉತ್ತರಿಸಲು ತಡ ಮಾಡಿದರೆ ಯುಡಿಪಿಯ ಫೋನುಗಳು ಅರ್ಧ ಸೆಕೆಂಡಿಗೇ ಮರುಕಳಿಸಲು ಶುರುಮಾಡುತ್ತವೆ. ನೋಂದಣಿಯಂಥ ಸಂದೇಶ 32 ಸೆಕೆಂಡಿನಲ್ಲಿ 11 ಸಲ ಹೋಗಬಹುದು. ಒಂದು ಹೊರೆ ಹತ್ತಾಗುತ್ತದೆ, ಸರ್ವರ್ ಇನ್ನಷ್ಟು ತಡ ಮಾಡುತ್ತದೆ. ಕಳೆದದ್ದನ್ನು ತುಂಬಲು ಇಟ್ಟ ಗಡಿಯಾರವೇ ದಾರಿ ಕಟ್ಟುವ ಸ್ಥಿತಿ ಇದು. ಇದನ್ನು ತಡೆಯಲು ಸೋತ ಫೋನುಗಳು ಕಾಯುವ ಅವಧಿಯನ್ನು ಏರಿಸುತ್ತಾ, ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಮತ್ತೆ ಪ್ರಯತ್ನಿಸಬೇಕೆಂಬ ನಿಯಮವಿದೆ. ಆ ಅವಧಿ ಏರುತ್ತಾ 1800 ಸೆಕೆಂಡಿನವರೆಗೆ ಹೋಗಬಹುದು. ಜಾಲದ ಆರೋಗ್ಯಕ್ಕೆ ಇದು ಬೇಕು. ಆದರೆ ಗ್ರಾಹಕನಿಗೆ ಕಾಣುವುದು ನೆಟ್ ಬಂದು ಅರ್ಧ ಗಂಟೆಯಾದರೂ ಫೋನ್ ಬದುಕದಿರುವುದು.

ದೂರಿನಲ್ಲಿ ಏನು ಬರೆಯಬೇಕು?

‘ಕರೆ ಕಟ್ ಆಗುತ್ತೆ’ ಎಂಬ ದೂರಿನಿಂದ ಎಂಜಿನಿಯರಿಗೆ ಏನೂ ತಿಳಿಯುವುದಿಲ್ಲ. ಎಷ್ಟನೇ ಸೆಕೆಂಡಿಗೆ ಕಟ್ ಆಯಿತು ಎಂಬುದು ಫೋನಿನ ಕರೆಪಟ್ಟಿಯಲ್ಲೇ ಇರುತ್ತದೆ. ಅದನ್ನು ಬರೆದುಕೊಟ್ಟರೆ ಬಹಳಷ್ಟು ತಿಳಿಯುತ್ತದೆ.

ಮತ್ತೆ ಮತ್ತೆ 30–33 ಸೆಕೆಂಡಿನ ಸುತ್ತಲೇ ಕಡಿದರೆ ಆಕ್ ತಲುಪುತ್ತಿಲ್ಲ. ಪೂರೈಕೆದಾರರು ನೋಡಬೇಕಾದದ್ದು ಕಾಂಟ್ಯಾಕ್ಟ್ ವಿಳಾಸ ಮತ್ತು ರೌಟರಿನ ಎಎಲ್‌ಜಿ, ಟವರನ್ನಲ್ಲ. ಹದಿನೈದು ನಿಮಿಷ ಅಥವಾ ಅರ್ಧ ಗಂಟೆಯ ಆಸುಪಾಸಿನಲ್ಲಿ ಕಡಿದರೆ ಅದು ಬೇರೆ ಗಡಿಯಾರ. ‘ಕರೆ ಇನ್ನೂ ಜೀವಂತವಿದೆಯೇ’ ಎಂದು ಎರಡೂ ತುದಿಗಳು ಪರಸ್ಪರ ಕೇಳಿಕೊಳ್ಳುವ ಪದ್ಧತಿಯೊಂದು 2005ರಲ್ಲಿ ನಿಯಮವಾಯಿತು. ಅದರ ರೂಢಿಯ ಅವಧಿ 1800 ಸೆಕೆಂಡ್, ಕೇಳಿಕೊಳ್ಳುವುದು ಅರ್ಧ ದಾರಿಯಲ್ಲಿ. ಆ ಪ್ರಶ್ನೆ ಅಳಿದುಹೋದ ನಕ್ಷೆಯ ಮೇಲೆ ಹೋಗಿದ್ದರೆ ಉತ್ತರ ಬಾರದು, ಕರೆ ಮುಗಿಯುತ್ತದೆ. ಹೊರಹೋಗುವ ಕರೆ ಸರಿ, ಒಳಬರುವುದು ಮಾತ್ರ ಇಲ್ಲ ಎಂದಾದರೆ ತಟ್ಟುವ ಅವಧಿಯನ್ನು ಚಿಕ್ಕದು ಮಾಡಿಸಬೇಕು. ಕೆಲವರ ಕರೆ ಮಾತ್ರ ಬರುತ್ತಿಲ್ಲವೆಂದರೆ 1300 ಬೈಟಿನ ಗೆರೆಯನ್ನೂ ಟಿಸಿಪಿಯ ಬಾಗಿಲನ್ನೂ ಪರೀಕ್ಷಿಸಬೇಕು. ಕ್ಷಣವೂ ನಿಶ್ಚಿತವಿಲ್ಲದೆ, ಒಮ್ಮೆ ಹತ್ತು ಸೆಕೆಂಡಿಗೆ, ಒಮ್ಮೆ ನಾಲ್ಕು ನಿಮಿಷಕ್ಕೆ ಕಡಿಯುತ್ತಿದ್ದರೆ ಮಾತ್ರ ಮೊದಲ ಅನುಮಾನ ರೇಡಿಯೊ ಸಿಗ್ನಲ್ ಮೇಲೆ. ಆಗ ಅಂಗಳದ ಇನ್ನೊಂದು ಮೂಲೆಗೆ ಹೋಗಿ ನಿಂತು ನೋಡುವುದರಲ್ಲಿ ಅರ್ಥವಿದೆ.